ಸಿಕ್ಕುಮರದ ಅಳತೆ

ಅಕ್ಟೋಬರ್ 9

ಚಂಡಮಾರುತ ದಾಟಿ ಹೋಗಿ ಎರಡು ದಿನವಾಯಿತು. ಮಾಡಿನ ಹಂಚು ನಾಲ್ಕು ಹಾರಿವೆ, ಬಚ್ಚಲ ಕಿಟಕಿ ಮುರಿದಿದೆ. ಇಷ್ಟರಲ್ಲೇ ಮುಗಿಯಿತು ಎಂದುಕೊಂಡು ಮಿಸೊ ಸಾರು ಬಿಸಿಗಿಟ್ಟಿದ್ದೆ. ಇಸಾಮು ಬಂದು ಬಾಗಿಲಲ್ಲೇ ನಿಂತು, "ಭಾವ, ಬೂಟು ಹಾಕ್ಕೊಂಡ್ ಬಾ. ಗುಡಿ ಮೇಲೆ ಮರ ಒರಗಿದೆ" ಎಂದ. ನನ್ನ ಹೆಂಡತಿ ಮಿಯೊಳ ಒಡಹುಟ್ಟಿದ ತಮ್ಮನಾದರೂ ಅವಳ ಮೆದುಮಾತು ಇವನಿಗೆ ಒಂದು ಚಮಚದಷ್ಟೂ ಬಂದಿಲ್ಲ. ಕಿವಿ ಬೇರೆ ಮಂದ. ನಲವತ್ತು ವರ್ಷ ಯಂತ್ರದ ಗರಗಸ ಹಿಡಿದವನ ಕಿವಿ.

ಹೋಗಿ ನೋಡಿದೆ. ಗುಡಿಯ ಹಿಂದಿನ ಏರಿನಲ್ಲಿದ್ದ ದೊಡ್ಡ ದೇವದಾರು ಅರ್ಧ ಬೇರು ಕಿತ್ತುಕೊಂಡು ಕೆಳಮುಖವಾಗಿ ಬಿದ್ದು, ಪೂರ್ತಿ ಬೀಳದೆ, ಎದುರಿನ ಹಿನೋಕಿ ಮರದ ಕವಲಿಗೆ ಸಿಕ್ಕಿಕೊಂಡು ನಿಂತಿದೆ. ಅದರ ಕೆಳಗೇ ಗುಡಿಯ ಅಂಗಳ, ನೈವೇದ್ಯದ ಕಲ್ಲು, ನಾವೆಲ್ಲ ಸಾಲಾಗಿ ನಿಲ್ಲುವ ಜಾಗ. ಬಿದ್ದ ಮರಕ್ಕೆ ಹೆದರಬೇಡ, ನಿಂತ ಮರಕ್ಕೂ ಹೆದರಬೇಡ, ಸಿಕ್ಕುಮರದ ಕೆಳಗೆ ಮಾತ್ರ ಕೆಮ್ಮಲೂ ಬೇಡ ಎಂದು ನಮ್ಮ ಕಡೆ ಹೇಳುತ್ತಾರೆ.

ಬೆಟ್ಟದಮ್ಮನ ಪೂಜೆ ನವೆಂಬರ್ ಏಳಕ್ಕೆ. ಈ ವರ್ಷದ ಸರದಿ ನನ್ನದು.

ಅಕ್ಟೋಬರ್ 11

ಗೆಂಪಾಚಿ ಅಜ್ಜನ ಮನೆಯಲ್ಲಿ ಹನ್ನೊಂದು ಮನೆಯವರೂ ಸೇರಿದ್ದೆವು. ಅಜ್ಜನಿಗೆ ಎಂಬತ್ತಾರು. ನಮ್ಮಲ್ಲಿ ಅವನೇ ಹಿರಿಯ, ಅವನ ಮಾತೇ ಕೊನೆಯದು. ಇಸಾಮುವಿನ ಮಗಳು ಚಿಗುಸಾಳನ್ನು ಕರೆಸಿದ್ದರು. ಅರಣ್ಯ ಸಂಘದಲ್ಲಿ ಮರ ಕಡಿಯುವ ಗುಂಪಿನಲ್ಲಿರುವ ಒಬ್ಬಳೇ ಹೆಣ್ಣು ಅವಳು. ಕೆಲಸದ ಉಡುಪಿನಲ್ಲೇ ಬಂದು ಹೊಸ್ತಿಲ ಹತ್ತಿರ ಮಂಡಿಯೂರಿ ಕೂತಳು.

"ಅದ್ರ ಕೆಳಗೆ ಯಾರೂ ಹೋಗ್ಬಾರ್ದು. ಎಳೆಯೋ ಯಂತ್ರ ಕರಾವಳಿ ರಸ್ತೆ ಕುಸಿದಲ್ಲಿ ಕೆಲಸ ಮಾಡ್ತಿದೆ, ನವೆಂಬರ್ ಹತ್ತರವರೆಗೂ ಸಿಗಲ್ಲ. ಈ ವರ್ಷ ರಸ್ತೆ ಬದಿ ಕಲ್ಲಿನ ಹತ್ರ ನಿಂತು ಕೈ ಮುಗೀರಿ."

"ಅಷ್ಟು ದೂರದಿಂದ ಪೂಜೆ ಮೀನು ತೋರ್ಸಿದ್ರೆ ಬೆಟ್ಟದಮ್ಮಂಗೇನು ಕಾಣುತ್ತೆ?" ಎಂದ ಅಜ್ಜ. "ಅವಳ ವಯಸ್ಸು ನನಗಿಂತ ಜಾಸ್ತಿ. ಕಣ್ಣಿಗೆ ಪೊರೆ ಬಂದಿದ್ರೆ?"

ಎಲ್ಲರೂ ನಕ್ಕರು. ನಾನು ನಗಲಿಲ್ಲ. ಗುಡಿಯ ಮುಂದೆ ನಿಂತೇ ತೋರಿಸಬೇಕು, ಇಲ್ಲದಿದ್ದರೆ ಪೂಜೆ ಯಾಕೆ, ಎಂದೆ. ದನಿ ಸ್ವಲ್ಪ ಏರಿತೇನೋ. ಹೋದ ವರ್ಷ ಸೂತಕವೆಂದು ನನ್ನ ಸರದಿ ಪಕ್ಕದ ಮನೆಗೆ ಹೋಯಿತು. ಈ ಸಲ ಕರುಣೆಯಿಂದ ಮತ್ತೆ ಕೊಟ್ಟಿದ್ದಾರೆ. ಇದು ತಪ್ಪಿದರೆ ಮುಂದಿನದು ಹನ್ನೊಂದು ವರ್ಷಕ್ಕೆ. ಆಗ ನನಗೆ ಎಂಬತ್ತನಾಲ್ಕು.

ಕೊನೆಗೆ ಹೀಗೆಂದು ತೀರ್ಮಾನವಾಯಿತು: ಮರ ಜಾರುತ್ತಿದೆಯೋ ಇಲ್ಲವೋ ನಾನು ಅಳೆದು ನೋಡುವುದು, ನವೆಂಬರ್ ಒಂದಕ್ಕೆ ಹೇಳುವುದು. ಒಂದಿಷ್ಟೂ ಜಾರದಿದ್ದರೆ ಮೇಲೆ ಹೋಗುವುದು, ಜಾರಿದ್ದರೆ ರಸ್ತೆಯಿಂದಲೇ. "ಟೊಕುಜಿ ಭಾವನ ಅಳತೆ ಅಂದ್ರೆ ಕಲ್ಲಿನ ಮೇಲಿನ ಗೆರೆ" ಎಂದ ಇಸಾಮು. ಸುಳ್ಳಲ್ಲ. ಮೂವತ್ತೆಂಟು ವರ್ಷ ಮರದ ಮಂಡಿಯಲ್ಲಿ ದಿಮ್ಮಿ ಅಳೆದಿದ್ದೇನೆ. ಕೊಳ್ಳುವವನೂ ಮಾರುವವನೂ ನನ್ನ ಪುಸ್ತಕ ತೆರೆದು ನೋಡಿದ್ದಿಲ್ಲ, ನಾನು ಕೂಗಿದ ಸಂಖ್ಯೆ ಸಾಕಾಗಿತ್ತು.

ಅಕ್ಟೋಬರ್ 13

ದೇವದಾರಿನ ಒಂದು ಮುರಿದ ಕೊಂಬೆಯ ಮೊಂಡು ಹಿನೋಕಿಯ ಕಾಂಡಕ್ಕೆ ನನ್ನ ಎದೆಯೆತ್ತರದಲ್ಲಿ ತಾಗಿಕೊಂಡಿದೆ. ಅದರ ಕೆಳ ಅಂಚಿಗೆ ಸರಿಯಾಗಿ ಹಿನೋಕಿಯ ಮೇಲೆ ಕೆಂಪು ಗೆರೆ ಎಳೆದು ಬಂದೆ. ಮರ ಜಾರಿದರೆ ಮೊಂಡು ಗೆರೆಯಿಂದ ಕೆಳಗಿಳಿಯಬೇಕು. ಸರಳ.

ಸಂಜೆ ಅಟ್ಟದಿಂದ ಪೂಜೆಗೆ ಒಣಗಿಸಿಟ್ಟ ಒಕೋಜೆ ಮೀನನ್ನು ಇಳಿಸಿದೆ. ಹುಳು ಹಿಡಿದಿಲ್ಲ. ಎಂಥ ಕುರೂಪದ ಮೀನು ಇದು! ಬಾಯಿ ಮೇಲೆ, ಕಣ್ಣು ಎಲ್ಲೋ, ಮೈತುಂಬ ಗಂಟು. ಬೆಟ್ಟದಮ್ಮನಿಗೆ ತನ್ನ ಮುಖ ಚೆನ್ನಾಗಿಲ್ಲವೆಂದು ಹಳೆಯ ಕೊರಗು. ತನಗಿಂತ ಕುರೂಪಿಯೊಂದನ್ನು ಕಂಡರೆ ಅವಳ ಮನಸ್ಸು ತಣ್ಣಗಾಗಿ ವರ್ಷವಿಡೀ ಮರ ಕಡಿಯುವವರನ್ನು ಕಾಯುತ್ತಾಳೆ. ಹೆಂಗಸರನ್ನು ಕಂಡರೆ ಮಾತ್ರ ಹೊಟ್ಟೆಕಿಚ್ಚು. ಅದಕ್ಕೇ ಅವರು ಗುಡಿಯ ದಾರಿಯ ಕಮಾನಿನ ಒಳಗೆ ಕಾಲಿಡುವುದಿಲ್ಲ.

ಈ ಮೀನನ್ನು ಒಣಗಿಸಿದ್ದು ಮಿಯೊ. ಹೋದ ವರ್ಷ ಜುಲೈನಲ್ಲಿ, ನಮ್ಮ ಸರದಿ ಬರುತ್ತಿದೆಯೆಂದು ಬಂದರಿಗೆ ಹೋಗಿ ತಾನೇ ಆರಿಸಿ ತಂದು, ಬೆನ್ನಿನ ಮುಳ್ಳು ಚುಚ್ಚಿಸಿಕೊಂಡು ಬೆರಳು ಊದಿಸಿಕೊಂಡು, ಒಲೆಯ ಮೇಲೆ ಕಟ್ಟಿದ್ದಳು. ಆಗಸ್ಟ್‌ನಲ್ಲಿ ಅವಳೇ ಇರಲಿಲ್ಲ. ಅವಳ ಕೈಯಿಂದ ಆದ ಕೊನೆಯ ಕೆಲಸ ಇದು. ಇದನ್ನು ರಸ್ತೆಯಲ್ಲಿ ನಿಂತು, ಲಾರಿ ಓಡಾಡುವಲ್ಲಿ ತೋರಿಸಬೇಕೆ?

ಅಕ್ಟೋಬರ್ 19

ಮೊಂಡು ಗೆರೆಯ ಮೇಲೇ ಇದೆ. ಕೂದಲೆಳೆಯಷ್ಟೂ ಕದಲಿಲ್ಲ. ಬರುವಾಗ ಚಿಗುಸಾ ಲಾರಿ ನಿಲ್ಲಿಸಿ ಕೇಳಿದಳು, ಹೇಳಿದೆ. "ಗಾಳಿ ಬಂದಿಲ್ಲ ಮಾವ, ಇನ್ನೂ ಗಾಳಿ ಬಂದಿಲ್ಲ" ಎಂದು ಹೋದಳು. ಅಪಶಕುನದ ಹಕ್ಕಿ.

ಗೆಣಸು ಬೇಯಿಸಿದೆ. ಉಪ್ಪು ಮರೆತೆ.

ಅಕ್ಟೋಬರ್ 24

ಮೂರು ದಿನ ಮಳೆ. ಇವತ್ತು ಹೋದರೆ ಮೊಂಡು ಗೆರೆಯ ಕೆಳಗಿದೆ. ಮೂರು ಸೆಂಟಿಮೀಟರ್.

ನೆನೆದ ಮರ ಉಬ್ಬುತ್ತದೆ. ಮೂವತ್ತೆಂಟು ವರ್ಷದಲ್ಲಿ ಇಂಥದ್ದು ನೂರು ನೋಡಿದ್ದೇನೆ. ಒಣಗಿದರೆ ಮತ್ತೆ ಸರಿಹೋಗಬಹುದು. ನಗೋಯಾದ ಕಾಲೇಜಿನಲ್ಲಿ ಎರಡು ವರ್ಷ ಓದಿದ ಇಂಗ್ಲಿಷ್ ಎಲ್ಲ ಸೋರಿಹೋಗಿದೆ. ಉದ್ದದ ಒಂದು ಪದ ಮಾತ್ರ ಉಳಿದುಕೊಂಡಿದೆ: ಅಪ್ರಾಕ್ಸಿಮೇಟ್ಲಿ. ಸುಮಾರಾಗಿ ಎಂದರ್ಥ. ಮೇಷ್ಟ್ರು ಅದನ್ನು ಹೇಳುವಾಗ ಕೈಯನ್ನು ಹೀಗೆ ಗಾಳಿಯಲ್ಲಿ ಆಡಿಸುತ್ತಿದ್ದರು. ದಿಮ್ಮಿ ಅಳೆಯುವವನಿಗೆ ಸಲ್ಲದ ಪದ ಎಂದು ಆಗ ನಗುತ್ತಿದ್ದೆ. ಮೂರು ಸೆಂಟಿ ಎಂದರೆ ಸುಮಾರಾಗಿ ಏನೂ ಇಲ್ಲ.

ಯಾರಿಗೂ ಹೇಳಲಿಲ್ಲ. ಯಾರೂ ಕೇಳಲೂ ಇಲ್ಲ.

ಅಕ್ಟೋಬರ್ 29

ಎರಡು ದಿನದಿಂದ ಬಿಸಿಲು. ಒಣಗಿ ಮೇಲೇರಿರಬೇಕಿತ್ತು. ಒಂಬತ್ತು.

ನವೆಂಬರ್ 1

ಬರೆಯಲು ಮನಸ್ಸಿಲ್ಲ, ಆದರೂ ಬರೆಯುತ್ತೇನೆ.

ಬೆಳಿಗ್ಗೆ ಹದಿಮೂರು ಇತ್ತು. ದಾರಿಯುದ್ದಕ್ಕೂ ಹದಿಮೂರು ಎಂದು ಹೇಳಿಕೊಂಡೇ ಅಜ್ಜನ ಮನೆಗೆ ಹೋದೆ. ಎಲ್ಲರೂ ಚಹಾ ಹಿಡಿದು ಕೂತಿದ್ದರು. ಯಾರೋ ಆಗಲೇ ಕಮಾನಿಗೆ ಹೊಸ ಕಂಬ ಹಾಕಬೇಕೆಂಬ ಮಾತು ತೆಗೆದಿದ್ದರು. "ಏನಪ್ಪ, ಏನಂತೆ ಮರ?" ಎಂದ ಅಜ್ಜ. ಸಾರು ಹೇಗಿದೆ ಎಂದು ಕೇಳಿದ ಹಾಗೆ.

"ಅಲ್ಲೇ ಇದೆ" ಎಂದೆ.

ಅಷ್ಟೇ. ಬಾಯಿಂದ ಹೊರಬಿದ್ದಾಗ ತೂಕವೇ ಇರಲಿಲ್ಲ ಅದಕ್ಕೆ.

"ಮುಗೀತಲ್ಲ" ಎಂದು ಇಸಾಮು ತೊಡೆ ತಟ್ಟಿದ. ಹೊಸ್ತಿಲ ಹತ್ತಿರದಿಂದ ಚಿಗುಸಾ, "ಮಾವ, ಅಳತೆ ಪುಸ್ತಕ ತಂದಿದ್ದೀರಾ? ಒಂದ್ಸಲ ನೋಡ್ತೀನಿ" ಎಂದಳು. ಪುಸ್ತಕ ಮನೆಯಲ್ಲಿದೆ ಎಂದೆ. ಅದು ಅಂಗಿಯೊಳಗೆ ಎದೆಗೆ ಒತ್ತುತ್ತಿತ್ತು. ಇಸಾಮು ಮಗಳ ಮೇಲೆ ಹರಿಹಾಯ್ದ: "ನಿನ್ನ ಮಾವನ ಪುಸ್ತಕ ಕೇಳೋಕೆ ನೀನ್ಯಾರೇ? ನೀನು ಹುಟ್ಟೋಕೆ ಮುಂಚಿನಿಂದ ಅಳೀತಿದಾನೆ ಅವ್ನು. ಕೇಳ್ಕೊ ತಪ್ಪಾಯ್ತು ಅಂತ!"

ಅವಳು ತಲೆ ಬಾಗಿಸಿ ತಪ್ಪಾಯ್ತು ಎಂದಳು. ಕಣ್ಣು ಮಾತ್ರ ನನ್ನ ಮೇಲೇ ಇತ್ತು.

ಆರು ದಿನ ತಾನೆ. ಇಷ್ಟು ದಿನ ನಿಂತ ಮರ ಆರು ದಿನ ನಿಲ್ಲುವುದಿಲ್ಲವೆ. ಪೂಜೆ ಅರ್ಧ ಗಂಟೆಯದು.

ನವೆಂಬರ್ 2

ಹದಿನಾರು.

ನವೆಂಬರ್ 4

ಹತ್ತೊಂಬತ್ತು. ಮೊಂಡು ಉಜ್ಜಿ ಉಜ್ಜಿ ಹಿನೋಕಿಯ ತೊಗಟೆ ಸುಲಿದಿದೆ, ಬಿಳಿ ತಿರುಳು ಕಾಣುತ್ತಿದೆ. ಹಿಂದಿನ ಬದಿಗೆ ಬಂದಾಗ ಕಾಂಡದ ಮೇಲೆ ನೀಲಿ ಸೀಮೆಸುಣ್ಣದ ಮೂರು ಗೀಟು ಕಂಡವು. ಒಂದೊಂದರ ಪಕ್ಕ ತಾರೀಖು. 30. 2. 4. ಅರಣ್ಯ ಸಂಘದವರ ಸೀಮೆಸುಣ್ಣ. ಅಲ್ಲೇ, ಆ ಮರದ ಕೆಳಗೇ ನಿಂತು, ಮೂರನ್ನೂ ಎರಡು ಸಲ ಓದಿದೆ.

ಕೆಳಗೆ ರಸ್ತೆಯಲ್ಲಿ ಅವಳು ಪುಟ್ಟ ಲಾರಿಯ ಹಿಂಬದಿಯ ಮೇಲೆ ಕೂತು ಕಾಯುತ್ತಿದ್ದಳು.

"ಇವತ್ತೆಷ್ಟಾಯ್ತು ಮಾವ?"

"ನೀನು ಕಮಾನಿನ ಒಳಗೆ ಹೋಗಿದ್ದೀಯ."

"ಹೋಗಿದ್ದೀನಿ. ಮೂರು ಸಲ."

"ಹೆಣ್ಣುಮಕ್ಕಳು ಅಲ್ಲಿ..."

"ಗೊತ್ತು. ಅವಳಿಗೆ ಸಿಟ್ಟು ಬಂದ್ರೆ ನನ್ನೊಬ್ಬಳ ಮೇಲೆ ಬರುತ್ತೆ. ಮರ ಬಂದ್ರೆ ಹನ್ನೊಂದು ಜನದ ಮೇಲೆ ಬರುತ್ತೆ. ಅದ್ರಲ್ಲಿ ಒಬ್ರು ನಮ್ಮಪ್ಪ."

"ಅಪ್ಪಂಗೆ ಹೇಳಿದ್ಯಾ?"

"ಜಾರ್ತಿದೆ ಅಂದೆ. 'ನೀನು ರಸ್ತೆಯಿಂದ ಕತ್ತೆತ್ತಿ ನೋಡಿದ್ದು, ಭಾವ ಪಕ್ಕದಲ್ಲಿ ನಿಂತು ಅಳೆದಿದ್ದು' ಅಂದ್ರು. ಒಳಗೆ ಹೋಗಿದ್ದೆ ಅಂತ ಹೇಳೋಕೆ ಇನ್ನೂ ಬಾಯಿ ಬಂದಿಲ್ಲ." ಕೈಗವಸು ಕಳಚಿ ಮಡಿಲಲ್ಲಿಟ್ಟುಕೊಂಡಳು. "ಇವತ್ತು ಬಂದರಿಗೆ ಹೋಗಿದಾರೆ. ನಾಳೆ ಬೆಳಿಗ್ಗೆ ಏಳಕ್ಕೆ ನಮ್ಮನೆಗೆ ಬಂದು ನೀವೇ ಹೇಳಿ. ಬರ್ಲಿಲ್ಲ ಅಂದ್ರೆ ಏಳೂಕಾಲಿಗೆ ನಾನು ಹೇಳ್ತೀನಿ, ನಂದೂ ಸೇರಿಸಿ."

"ಈಗ್ಲೇ ಊರಿಗೆಲ್ಲ ಹೇಳಬಹುದಲ್ಲ ನೀನು."

"ಅತ್ತೆ ಗಂಡ ನೀವು" ಎಂದಳು, ಬೈದ ಹಾಗೆ. ಗಾಡಿ ಚಾಲೂ ಮಾಡಿದಳು.

ನವೆಂಬರ್ 5

ಏಳಕ್ಕಲ್ಲ, ಆರೂವರೆಗೇ ಹೋದೆ. ಹೇಳಬೇಕಾದ್ದನ್ನು ದಾರಿಯಲ್ಲಿ ಜೋಡಿಸಿಕೊಂಡಿದ್ದೆ. ಇಸಾಮುವಿನ ಹೆಂಡತಿ ಫುಸಾ ಅಂಗಳ ಗುಡಿಸುತ್ತಿದ್ದಳು.

"ಅವ್ರಾ? ಆಗಲೇ ಹೋದ್ರಲ್ಲ ಅಣ್ಣ, ಹೊಸ ಹುಲ್ಲಿನ ಹಗ್ಗ ಹೊತ್ಕೊಂಡು. ಗುಡಿಗೆ ಹಗ್ಗ ಕಟ್ಟೋದು ಸರದಿಯವರ ಕೆಲಸ, ಆದ್ರೆ ಎಪ್ಪತ್ಮೂರರ ಭಾವನ್ನ ಏಣಿ ಹತ್ತಿಸೋದು ಬೇಡ, ಅವ್ನು ಏಳೋದ್ರೊಳಗೆ ಕಟ್ಟಿ ಬಂದ್ಬಿಡ್ತೀನಿ ಅಂದ್ರು. ನಿಮಗೆ ಹೇಳ್ಬೇಡ ಅಂದಿದ್ರು."

ಒಳಗಿಂದ ಚಿಗುಸಾ ಒಂದೇ ಬೂಟು ಹಾಕಿಕೊಂಡು ಓಡಿ ಬಂದಳು, ಇನ್ನೊಂದನ್ನು ಗಾಡಿಯಲ್ಲಿ ಹಾಕಿಕೊಂಡಳು.

ಕಮಾನಿನಿಂದ ನೋಡಿದರೆ ಅವನು ಏಣಿಯ ಮೇಲೆ, ನಮಗೆ ಬೆನ್ನು ಹಾಕಿ, ಗುಡಿಯ ತೊಲೆಗೆ ಹಗ್ಗ ಸುತ್ತುತ್ತಿದ್ದ. ಅವನ ತಲೆಯ ಮೇಲೆ ಆ ಮರ. ಎರಡು ಸಲ ಕೂಗಿದೆ. ಬೆಟ್ಟದಲ್ಲಿ ಎರಡು ಸಲವೇ ಕೂಗಬೇಕು, ಒಂದೇ ಕೂಗು ಮನುಷ್ಯರದ್ದಲ್ಲ ಎನ್ನುತ್ತಾರೆ. ಅವನಿಗೆ ಎರಡೂ ಕೇಳಿಸಲಿಲ್ಲ. ಚಿಗುಸಾ ಕೊರಳಿನ ಸೀಟಿ ತೆಗೆದು ಊದಿದಳು. ಆ ಜಾಗದಲ್ಲಿ ಸಿಳ್ಳೆ, ಸೀಟಿ ಎಂದೂ ಕೂಡದು. ಇಸಾಮು ಹಿಂತಿರುಗಿ, "ಯಾವ ಮುಂಡೇದು ಅದು!" ಎಂದ. ಮಗಳನ್ನು ಕಂಡು ಸುಮ್ಮನಾಗಿ ಮತ್ತೆ ಗಂಟಿಗೆ ಕೈ ಹಾಕಿದ.

ಅವಳು ಒಳಗೆ ನುಗ್ಗಲಿದ್ದಳು. ತೋಳು ಹಿಡಿದು ಎಳೆದೆ. "ನೀನು ಬೇಡ" ಎಂದೆ. ಹೆಣ್ಣೆಂದು ತಡೆದೆ ಎಂದುಕೊಂಡಳೇನೋ. ಅದಲ್ಲ. ಆ ಹೊತ್ತಿಗೆ ನನಗೆ ಬೆಟ್ಟದಮ್ಮನ ನೆನಪೇ ಇರಲಿಲ್ಲ.

ನಾನು ಏಣಿಯ ಬುಡಕ್ಕೆ ಹೋದೆ.

"ಇಳಿ ಇಸಾಮು."

"ಏನು?"

"ಇಳಿ ಅಂದೆ. ಮರ ಜಾರಿದೆ."

"ಜಾರಿಲ್ಲ ಅಂತ ನೀನೇ ಅಂದ್ಯಲ್ಲ ಭಾವ. ಇದೊಂದು ಗಂಟು ಹಾಕಿ..."

"ಸುಳ್ಳು ಹೇಳಿದೆ."

"ಏನು?"

"ಸುಳ್ಳು ಹೇಳಿದೆ!"

"ಯಾರು?"

"ನಾನು! ನಾನು ಸುಳ್ಳು ಹೇಳಿದೆ! ಇಪ್ಪತ್ತು ಸೆಂಟಿ ಜಾರಿದೆ!"

ಬೆಟ್ಟಕ್ಕೆಲ್ಲ ಕೇಳಿಸಿರಬೇಕು. ಮೇಲೆ ಹಳೆಯ ಬಾಗಿಲಿನ ತಿರುಗಣೆಯಂಥ ಸದ್ದು ಒಮ್ಮೆ ಬಂತು. ಆ ಸದ್ದು ಅವನಿಗೆ ಕೇಳಿತೋ ಇಲ್ಲವೋ, ಆದರೆ ತೊಗಟೆಯ ಪುಡಿ ಅವನ ಹೆಗಲ ಮೇಲೆ ಉದುರಿತು. ಅದನ್ನು ನೋಡಿದ, ತಲೆಯೆತ್ತಿ ನೋಡಿದ, ಆಮೇಲೆ ನನ್ನನ್ನು ನೋಡಿದ. ಹಗ್ಗವನ್ನು ಹಾಗೇ ಬಿಟ್ಟು, ಒಂದೊಂದೇ ಮೆಟ್ಟಿಲು, ಏಣಿ ಅಲುಗದ ಹಾಗೆ, ಮಲಗಿದ ಮಗುವಿನ ಪಕ್ಕದಿಂದ ಎದ್ದು ಬರುವವರ ಹಾಗೆ ಇಳಿದ. ಓಡಲಿಲ್ಲ. ನನ್ನ ಅಂಗಿಯ ಕತ್ತು ಹಿಡಿದು ತನ್ನ ಮುಂದೆ ನಡೆಸಿಕೊಂಡು ಬಂದ. ನಲವತ್ತು ಹೆಜ್ಜೆ. ನಾನು ಎಣಿಸಿದೆ.

ಕಮಾನಿನಾಚೆ ಕಲ್ಲಿನ ಮೇಲೆ ಕೂತು ಬಹಳ ಹೊತ್ತು ಉಸಿರು ಬಿಟ್ಟ.

"ಒಂದನೇ ತಾರೀಖು ಎಷ್ಟಿತ್ತು?"

"ಹದಿಮೂರು."

"ಅಕ್ಕ ಇದ್ದಿದ್ರೆ ಇವತ್ತು ನಿಂಗೆ ಅನ್ನ ಹಾಕ್ತಿರ್ಲಿಲ್ಲ."

ಚಿಗುಸಾ ಅಪ್ಪನ ಹೆಗಲ ಪುಡಿಯನ್ನು ಕೊಡವುತ್ತಿದ್ದಳು, ಎಲ್ಲ ಉದುರಿದ ಮೇಲೂ ಕೊಡವುತ್ತಲೇ ಇದ್ದಳು.

ನವೆಂಬರ್ 6

ಬೆಳಿಗ್ಗೆ ಹತ್ತೂಕಾಲಿಗೆ ಬಿತ್ತು. ಗಾಳಿ ಇಲ್ಲ, ಏನಿಲ್ಲ. ಪಾತ್ರೆ ತೊಳೆಯುತ್ತಿದ್ದೆ, ನೆಲ ಅದುರಿ ನೀರು ತುಳುಕಿತು. ಏಣಿ ಪುಡಿಪುಡಿ. ನೈವೇದ್ಯದ ಕಲ್ಲು ಎರಡು ಹೋಳು. ಗುಡಿಗೆ ಏನೂ ಆಗಿಲ್ಲ.

ಮಧ್ಯಾಹ್ನ ಎಲ್ಲರ ಮುಂದೆ ಪುಸ್ತಕ ಬಿಚ್ಚಿಟ್ಟು ತಾರೀಖಿನ ಪ್ರಕಾರ ಓದಿದೆ. ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅಜ್ಜ ಒಂದೇ ಮಾತು ಕೇಳಿದ: "ಯಾಕೋ?" ಮೀನು ಎಂದೆ. ಮಿಯೊ ಒಣಗಿಸಿದ್ದು ಎಂದೆ. ಅವನು ಚಹಾ ಕಪ್ಪನ್ನು ಕೆಳಗಿಟ್ಟ.

"ನಾಳೆ ಮೀನು ಹೋಗ್ಲಿ. ನೀನು ಕೆಳಗೇ ಇರು. ಸರದಿ ಇಸಾಮುಗೆ."

ಚಿಗುಸಾ ಬಾಯಿ ತೆರೆದಳು, ತನ್ನ ಸಂಗತಿ ಹೇಳಲು. "ನೀನು ಸುಮ್ನಿರು. ನನಗೆ ಕಣ್ಣು ಕಾಣಲ್ಲ, ಯಾರು ಎಲ್ಲಿ ಹೋದ್ರೋ ನಾನೇನು ಬಲ್ಲೆ" ಎಂದ ಅಜ್ಜ. ಮೀನನ್ನು ಬಿಳಿ ಕಾಗದದಲ್ಲಿ ಸುತ್ತಿ ಇಸಾಮುವಿಗೆ ಕೊಟ್ಟೆ. ಎರಡೂ ಕೈ ಚಾಚಿ ತೆಗೆದುಕೊಂಡ, ನನ್ನ ಮುಖ ನೋಡಲಿಲ್ಲ.

ನವೆಂಬರ್ 7

ಗಂಡಸರು ಒಂಬತ್ತಕ್ಕೆ ಮೇಲೆ ಹೋದರು, ಹತ್ತು ಜನ. ಮಧ್ಯಾಹ್ನದೊಳಗೆ ಇಳಿಯಬೇಕು. ಮಧ್ಯಾಹ್ನದಿಂದ ಬೆಟ್ಟದಮ್ಮ ತನ್ನ ಮರಗಳನ್ನು ಎಣಿಸುತ್ತಾಳೆ, ಒಳಗಿದ್ದವರನ್ನೂ ಮರವೆಂದೇ ಎಣಿಸಿಬಿಡುತ್ತಾಳೆ. ನಾನು ರಸ್ತೆ ಬದಿಯಲ್ಲಿ, ಮೋಚಿ ಅಕ್ಕಿ-ಕಡುಬಿನ ಬುಟ್ಟಿ ಹಿಡಿದು ಕಾಯುವ ಹೆಂಗಸರ ಜೊತೆ ನಿಂತೆ. ಎಲ್ಲಿ ನಿಲ್ಲಬೇಕೆಂದು ಗೊತ್ತಾಗದೆ ಕಂಬದ ಹಿಂದೆ ನಿಂತಿದ್ದೆ. "ಅಲ್ಲಿ ಮೋರಿ ಇದೆ, ಈ ಕಡೆ ಬನ್ನಿ" ಎಂದು ಫುಸಾ ಜಾಗ ಬಿಟ್ಟಳು.

ಮೇಲಿನದು ನನಗೆ ಬಾಯಿಪಾಠ. ತಂದಿದ್ದೀಯೇನೋ ಎಂದು ಅಜ್ಜ ಮೂರು ಸಲ ಕೇಳುತ್ತಾನೆ. ಸರದಿಯವನು ಎದೆಯಿಂದ ಪೊಟ್ಟಣ ತೆಗೆದು ಬಾಲವನ್ನಷ್ಟೇ ತೋರಿಸುತ್ತಾನೆ. ಎಲ್ಲರೂ ಒಟ್ಟಿಗೆ ನಗಬೇಕು. ಆಮೇಲೆ ಉಸಿರು ಹಿಡಿದು ನಿಂತರೆ ಬೆಟ್ಟದಿಂದ ಮರುನಗು ಬರುತ್ತದೆ. ತೆಳ್ಳಗೆ, ದೂರದಿಂದ. ಬೆಟ್ಟದಮ್ಮ ಒಪ್ಪಿದಳೆಂದು ಅರ್ಥ. ನಲವತ್ತು ವರ್ಷ ಅದನ್ನು ಕೇಳಿ ಕೈ ಮುಗಿದಿದ್ದೇನೆ. ಹೋದ ವರ್ಷ ಮಾತ್ರ ಬರಲೇ ಇಲ್ಲವಂತೆ. ಎಲ್ಲರೂ ಮುಖ ಸಣ್ಣದು ಮಾಡಿಕೊಂಡು ಇಳಿದಿದ್ದರು.

ಇವತ್ತು ಕೆಳಗೆ ನಿಂತವನಿಗೆ ಮೇಲಿನ ನಗು ಕೇಳಿಸಿತು. ಸೊರಗಿದ ನಗು, ಹತ್ತು ಜನದ್ದಲ್ಲ, ನಾಲ್ಕೈದು ಜನದ್ದಿರಬೇಕು. ಆಮೇಲೆ ಮೌನ. ಈಗ ಮೇಲೆ ಎಲ್ಲರೂ ಉಸಿರು ಹಿಡಿದಿರುತ್ತಾರೆ. ಬೆಟ್ಟ ಏನೂ ಹೇಳಲಿಲ್ಲ. ಸೀಟಿ ಊದಿದ್ದು, ಸುಳ್ಳು ಹೇಳಿದ್ದು, ಎಲ್ಲ ಸೇರಿ ಅವಳ ಬಾಯಿ ಕಟ್ಟಿತೆಂದುಕೊಂಡೆ.

ಫುಸಾ ಬುಟ್ಟಿ ಕೆಳಗಿಟ್ಟು ಸೆರಗಿನಂತೆ ತಲೆಗೆ ಕಟ್ಟಿದ್ದ ಬಟ್ಟೆ ಬಿಚ್ಚಿದಳು. "ಹೋದ್ವರ್ಷ ನಮ್ಮಲ್ಲಿ ಯಾರಿಗೂ ನಗೋಕೆ ಆಗ್ಲಿಲ್ಲ. ಶುರು ಮಾಡ್ತಿದ್ದೋಳು ಮಿಯೊ ಅಕ್ಕನೇ ಅಲ್ವಾ. 'ಗಂಡಸರು ಮೀನಿಗೆ ನಗ್ತಾರೆ, ನಾವು ಗಂಡಸರಿಗೆ ನಗೋಣ ಕಣ್ರೇ' ಅಂತಿದ್ಲು." ನನ್ನತ್ತ ತಿರುಗಿದಳು. "ಮೇಲೆ ಹೋಗಿ ಹೇಳ್ಬಿಟ್ಟೀರಾ ಅಣ್ಣ, ಜೋಕೆ."

"ಹೇಳಲ್ಲ ಬಿಡಮ್ಮ" ಎಂದಳು ಚಿಗುಸಾ. "ಮಾವಂಗೆ ಬಾಯಿ ಮುಚ್ಕೊಂಡಿರೋದು ಚೆನ್ನಾಗಿ ಬರುತ್ತೆ."

ಅಷ್ಟಕ್ಕೇ ಯಾರೋ ಕಿಸಕ್ಕೆಂದರು. ಆಮೇಲೆ ಎಲ್ಲರೂ.

ಮೇಲಿನಿಂದ ಚಪ್ಪಾಳೆಯ ಸದ್ದು ಬಂತು, ಹತ್ತು ಜೊತೆ ಕೈ, ಎರಡೆರಡು ಸಲ. ಇಳಿದು ಬಂದ ಅಜ್ಜ, ಈ ಸಲ ಅವಳ ನಗು ಜೋರಾಗಿತ್ತು, ಒಂದು ಗೊಗ್ಗರು ಗಂಟಲೂ ಸೇರಿದಂತಿತ್ತು, ವಯಸ್ಸಾಗುತ್ತಿದೆ ಪಾಪ, ಎಂದ. ನಾನು ಮೋಚಿ ಹಂಚುತ್ತಿದ್ದೆ.

ಸಂಜೆಯಿಂದ ಗಂಟಲು ಕೆರೆಯುತ್ತಿದೆ. ಥಂಡಿಯಲ್ಲಿ ನಿಂತದ್ದಕ್ಕಿರಬೇಕು.

ನವೆಂಬರ್ 9

ಬಿದ್ದ ದೇವದಾರನ್ನು ತುಂಡು ಮಾಡಲು ಚಿಗುಸಾ ಬಂದಿದ್ದಳು, ಕಮಾನಿನ ಒಳಗೆ. ಏಳನೇ ತಾರೀಖು ಎಣಿಸಿ ದಣಿದು ಬೆಟ್ಟದಮ್ಮ ಮೂರು ದಿನ ಮಲಗಿರುತ್ತಾಳೆ ಎಂದು ಇಸಾಮು ಹೇಳುತ್ತಿದ್ದಾನೆ. ಇಂಥ ಮಾತನ್ನು ಹಿಂದೆ ಯಾರೂ ಕೇಳಿದ್ದಿಲ್ಲ. ಅವನೇ ಮಗಳ ಗರಗಸಕ್ಕೆ ಸಾಣೆ ಹಿಡಿದು ಕೊಡುತ್ತಿದ್ದ. ನನ್ನೊಡನೆ ಮಾತಿಲ್ಲ ಇನ್ನೂ. ಆದರೆ ಊಟದ ಡಬ್ಬಿ ಮೂರು ತಂದಿದ್ದ.

ಹೋಳಾದ ಕಲ್ಲಿನ ಬದಲು ಈ ಮರದ್ದೇ ಹಲಗೆ ಇಡುತ್ತಾರಂತೆ. ಅಳತೆ ಬೇಕು, ಬನ್ನಿ ಮಾವ, ಎಂದು ಅವಳೇ ಕರೆದಳು. ಬುಡದ ಅಡ್ಡಳತೆ ಹಿಡಿದು ಕೂಗಿದೆ: ಎಪ್ಪತ್ತೆರಡು. ಅವಳು ಬರೆದುಕೊಂಡಳು. ಬರೆದುಕೊಂಡ ಮೇಲೆ ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿ, ಬಂದು, ನನ್ನ ಕೈಯಿಂದ ಟೇಪು ತೆಗೆದುಕೊಂಡು ತಾನೇ ಇನ್ನೊಮ್ಮೆ ಅಳೆದಳು.

ನಾನು ಈಚೆಯ ತುದಿ ಹಿಡಿದುಕೊಂಡೆ, ಅವಳಿಗೆ ಸಡಿಲವಾಗದ ಹಾಗೆ.